ಟೆಂಟಿನಲ್ಲಿ ಅವ್ವ ಎಸೆದ ಮರಳು

ನಿನ್ನೆ ಟಿವಿ ಧಾರಾವಾಹಿಯಲ್ಲಿ ಬಡ ಹೆಂಗಸೊಬ್ಬಳು ಮಂತ್ರಿಯ ಕೆನ್ನೆಗೆ ಬಾರಿಸಿದಳು. ನನಗೆ ಕಂಪಲಾಪುರದ ಟೆಂಟು ಸಿನಿಮಾ ನೆನಪಾಯಿತು. ಅಲ್ಲಿ ನಾವು ನೋಡಿದ ಚಿತ್ರದಲ್ಲಿ ಕುಂಬಾರಗಿತ್ತಿಯೊಬ್ಬಳು ದುಷ್ಟ ಮಂತ್ರಿಯ ಜುಟ್ಟು ಹಿಡಿದು ಎಳೆದಾಗ, ಅವ್ವ ಕೂತಲ್ಲಿಂದಲೇ ನೆಲಕ್ಕೆ ಹಾಸಿದ್ದ ಮರಳನ್ನು ಒಂದು ಹಿಡಿ ತೆಗೆದು ಪರದೆಯ ಮೇಲಿದ್ದ ಅವನತ್ತ ಎಸೆದಿದ್ದಳು. "ಎಳಿ ಕಣವ್ವ, ಬುಡಬ್ಯಾಡ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿ ಸಿಳ್ಳೆ ಹೊಡೆದವನು ಅಪ್ಪ.

ಅದಾದ ಸ್ವಲ್ಪ ದಿನಕ್ಕೆ ಎಲೆಕ್ಷನ್ ಬಂತು. ಅವ್ವ ಬೆಳಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಮದುವೆಯ ಸೀರೆ ಉಟ್ಟು ಬಾಗಿಲಲ್ಲಿ ನಿಂತಳು.

"ನೀನೆಲ್ಲಿಗೆ?" ಅಂದ ಅಪ್ಪ.

"ಓಟಾಕಕ್ಕೆ."

"ಮನೆಗೊಂದು ಓಟು ಸಾಕು ಕಣೆ. ಒಳಕ್ಕೋಗಿ ಮುದ್ದೆಗೆ ಎಸರಿಡು."

ಅವ್ವ ಆ ಸೀರೆಯಲ್ಲೇ ಎಸರಿಟ್ಟಳು. ಮತ್ತೆಂದೂ ಅವಳು ಟೆಂಟಿಗೆ ಬರಲಿಲ್ಲ. ಅಪ್ಪ ಬರುತ್ತಿದ್ದ, ಸಿಳ್ಳೆಯನ್ನೂ ಹೊಡೆಯುತ್ತಿದ್ದ.

ನಿನ್ನೆ ಆ ಏಟು ಬಿದ್ದಾಗ ನಮ್ಮನೆಯ ಗಂಡಸರೆಲ್ಲ ಚಪ್ಪಾಳೆ ತಟ್ಟಿದರು. ಸೊಸೆ ಅಡುಗೆಮನೆಯಲ್ಲಿದ್ದಳು.