ಅಡಿ ಹಾಕಿದ ಮರದ ಹಣ್ಣು

ಗೋಕಾಕ ರೋಡ್ ಸ್ಟೇಷನ್ನಿನ ಮಾಲುಗೋದಾಮು. ಎರಡನೆಯ ಬಾಗಿಲು. ಹೊಸ್ತಿಲು ದಾಟಿದ ಕೂಡಲೇ ಎಡಕ್ಕೆ, ತೂಕದ ಕಲ್ಲುಗಳ ಪಕ್ಕ. ನಾನು ನಿಂತಿದ್ದು ಅಲ್ಲಿ. ಸ್ವಾತಂತ್ರ್ಯ ಬಂದು ಹನ್ನೆರಡನೆಯ ವರ್ಷ, ಶ್ರಾವಣದ ಎರಡನೆಯ ಮಂಗಳವಾರ, ಮಧ್ಯಾಹ್ನ. ಶಾಲೆಗೆ ಅರ್ಧ ದಿನ ರಜೆ ಹಾಕಿ ಹೋಗಿದ್ದೆ.

ಇಷ್ಟು ಖಚಿತವಾಗಿ ಯಾಕೆ ಹೇಳುತ್ತಿದ್ದೇನೆ? ಹೋದ ವಾರ ಹುಕ್ಕೇರಿಯಲ್ಲಿ ಒಬ್ಬ ಅಧಿಕಾರಿ ನನಗೆ, "ಅಂಥದ್ದೇನೂ ಆದ ದಾಖಲೆ ಇಲ್ಲ" ಎಂದರು. ಎಂಟು ವರ್ಷ ಹಳೆಯ ಮಾತು. ದಾಖಲೆ ಇಲ್ಲದಿದ್ದರೆ ಇರಲಿ. ನಾನಿದ್ದೇನೆ.

ಗೋಕಾಕದಲ್ಲಿ ಮರದಿಂದ ಮಾಡಿ ಬಣ್ಣ ಹಚ್ಚುವ ಹಣ್ಣುಗಳನ್ನು ನೀವು ನೋಡಿದ್ದೀರಿ. ಮಾವು, ಪೇರಲ, ಸೀತಾಫಲ. ಕೈಯಲ್ಲಿ ಹಿಡಿದರೆ ಮಾತ್ರ ಮರ ಎಂದು ಗೊತ್ತಾಗುತ್ತದೆ. ನಮ್ಮ ಮನೆಯ ಹಿಂದಿನ ಓಣಿಯ ಮಲ್ಲಪ್ಪ ಅವನ್ನು ಮಾಡುವುದರಲ್ಲಿ ಎತ್ತಿದ ಕೈ. ಓಣಿಯ ಏಳು ಮನೆಗಳಿಗೆ ಅದೇ ಕಸುಬು. ಆದರೆ ಕೊಳ್ಳುವವರು ಕಡಿಮೆಯಾಗಿದ್ದರು. ಹುಡುಗರೆಲ್ಲ ನೂಲಿನ ಗಿರಣಿಯ ಗೇಟಿನತ್ತ ನೋಡುತ್ತಿದ್ದರು.

ಆಗ ಪರದೇಶದ ನೆರವು ಬಂತು. ಒಂದು ಲೇತ್ ಮಶೀನು, ಜೊತೆಗೆ ಒಬ್ಬ ಸಾಹೇಬ. (ಒಳ್ಳೆಯ ಮನುಷ್ಯ. ಸುಳ್ಳು ಹೇಳಬಾರದು.) ಮಶೀನಿನ ಮೇಲೆ ಮರ ಕಡೆಯುವುದನ್ನು ಕಲಿಸಿದ. ಬಣ್ಣ ಬೇಗ ಒಣಗಿಸುವುದನ್ನು ಹೇಳಿಕೊಟ್ಟ. ತನ್ನ ದೇಶದ ಒಂದು ಅಂಗಡಿಯಿಂದ ಆರ್ಡರನ್ನೂ ತರಿಸಿದ. ಇಂಗ್ಲಿಷ್ ಪತ್ರ ಬರೆಯುವ ಕೆಲಸ ಶಾಲೆಯ ಮಾಸ್ತರನಾದ ನನ್ನದು.

ಮಲ್ಲಪ್ಪ ಏಳೂ ಮನೆಗಳಿಗೆ ತಾನೇ ಹೋಗಿ ಹೇಳಿದ. "ಒಮ್ಮೆ ಸಮುದ್ರ ದಾಟಿತಂದ್ರ ಸಾಕು. ಆಮ್ಯಾಲ ಯಾವ ಮಗನೂ ಗಿರಣಿ ಕಡೆ ಮುಖ ಮಾಡೂದಿಲ್ಲ. ನಾ ಮಾತ ಕೊಡ್ತೇನಿ."

ಸರಕು ತಯಾರಾಯಿತು. ಈಗ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುತ್ತೇವಲ್ಲ, ಅಡಿ ಹಾಕುವುದು ಎನ್ನುತ್ತೇವೆ. ಆ ಓಣಿಯವರು ಮರದ ಹಣ್ಣಿಗೂ ಅಡಿ ಹಾಕುತ್ತಿದ್ದರು. ಹುಲ್ಲಿನಲ್ಲಿ ಮಲಗಿದರೇ ಬಣ್ಣಕ್ಕೆ ಜೀವ ಬರುತ್ತದೆ ಎಂಬ ನಂಬಿಕೆ. ಮಲ್ಲಪ್ಪ ಮೂಡಲಗಿಯಿಂದ ಒಂದು ಬಂಡಿ ಹೊಸ ಹುಲ್ಲು ತರಿಸಿದ. ಪೆಟ್ಟಿಗೆಗಳಲ್ಲಿ ಹಣ್ಣುಗಳ ಸುತ್ತ ಒತ್ತಿ ಒತ್ತಿ ತುಂಬಿದ.

ಮಶೀನಿನ ಕೆಳಗೆ ಮೊಣಕಾಲುದ್ದ ಕಟ್ಟಿಗೆಯ ಸಿಪ್ಪೆ ಬಿದ್ದಿತ್ತು. ತೆಳ್ಳಗೆ, ಸುರುಳಿ ಸುರುಳಿ. ಅದನ್ನೇ ತುಂಬಬಾರದೇ ಎಂದು ಅವನ ಹೆಂಡತಿ ಗಂಗವ್ವ ಕೇಳಿದ್ದು ನನಗೆ ನೆನಪಿದೆ.

"ಕಾಲಾಗ ತುಳದದ್ದು ಅದು! ಹಣ್ಣಿಗೆ ಹಾಕ್ತಾರೇನ? ಒಲಿಗೆ ಹಾಕು" ಎಂದ.

ಹಾಕಿದಳು. ಸಾಹೇಬ ಹುಲ್ಲು ತುಂಬುವುದನ್ನು ನಿಂತು ನೋಡಿದ, ಫೋಟೋ ತೆಗೆದ, ನಕ್ಕ. ಮುಂಬಯಿಯ ಹಡಗಿನ ಏಜೆಂಟನಿಗೆ ಪತ್ರ ಬರೆದವನು ನಾನೇ: 'ಹೊಸ ಹುಲ್ಲಿನಲ್ಲಿ ಜೋಪಾನವಾಗಿ ಇಟ್ಟು ಕಳಿಸುತ್ತಿದ್ದೇವೆ.' ಆ ಸಾಲನ್ನು ಹೆಮ್ಮೆಯಿಂದ ಬರೆದಿದ್ದೆ.

ಉತ್ತರವಾಗಿ ಪೆಟ್ಟಿಗೆಗಳೇ ಬಂದವು.

ಹುಲ್ಲು ತುಂಬಿದ ಪೆಟ್ಟಿಗೆಯನ್ನು ಆ ದೇಶದ ಬಂದರಿನಲ್ಲಿ ಇಳಿಸುವಂತಿಲ್ಲವಂತೆ. ಹುಲ್ಲಿನಲ್ಲಿ ಹುಳ ಹೋಗುತ್ತದೆ, ಅವರ ಬೆಳೆಗೆ ಬೀಳುತ್ತದೆ. ಕಟ್ಟಿಗೆಯ ಸಿಪ್ಪೆ ತುಂಬಿದ್ದರೆ ಅಡ್ಡಿ ಇರಲಿಲ್ಲವಂತೆ. ನಿಯಮ ಹಳೆಯದು, ನ್ಯಾಯವಾದದ್ದೂ ಹೌದು. ಮುಂಬಯಿಯಲ್ಲಿ ತಡೆದರು. ಹಡಗು ಹೋಯಿತು, ಅದರ ಜೊತೆ ಆರ್ಡರೂ ಹೋಯಿತು. ಪೆಟ್ಟಿಗೆಗಳು ಮಳೆಯಲ್ಲಿ ಬಿದ್ದಿದ್ದು, ಆ ಮಂಗಳವಾರ ವಾಪಸು ಬಂದವು.

ಹಮಾಲ ದಸ್ತಗೀರ ಸಲಾಕೆಯಿಂದ ಮೊದಲ ಮುಚ್ಚಳ ಎತ್ತಿದ. ಒಳಗಿನಿಂದ ಬಿಸಿ ಹಬೆ ಬಂತು. ಹುಲ್ಲು ಕಪ್ಪಾಗಿ ಕೊಳೆತಿತ್ತು.

"ಮಲ್ಲಣ್ಣಾ, ಅಡಿ ಹಾಕಿದ್ದು ಹೆಚ್ಚಾತಲ್ಲೋ!" ಎಂದ ದಸ್ತಗೀರ. ತಮಾಷೆಗೆ ಅಂದದ್ದು. ಮಲ್ಲಪ್ಪನ ಮುಖ ನೋಡಿ ಸಲಾಕೆಯನ್ನು ಕೆಳಗಿಟ್ಟ.

ಮಲ್ಲಪ್ಪ ಕೈ ಹಾಕಿ ಒಂದು ಮಾವು ತೆಗೆದ. ತೊಟ್ಟಿನ ಸುತ್ತ ಕಪ್ಪು ಕಲೆ. ಹೆಬ್ಬೆರಳು ಒತ್ತಿದಲ್ಲಿ ಬಣ್ಣ ಸಿಪ್ಪೆಯಂತೆ ಸುಲಿದು ಬಂತು. ನನ್ನತ್ತ ತಿರುಗಿದ.

"ಮಾಸ್ತರ, ಖರೆ ಹಣ್ಣಿನಂಗ ಮಾಡಿದ್ನಲ್ರಿ. ಖರೆ ಹಣ್ಣಿನಂಗ ಕೊಳತಾವ ನೋಡ್ರಿ."

ಉಳಿದ ಪೆಟ್ಟಿಗೆಗಳನ್ನು ಅವನು ತೆರೆಯಲಿಲ್ಲ. ಸಂಜೆ ಅವನ ಮನೆಗೆ ಹೋದೆ. ಗಂಗವ್ವ ಒಲೆಗೆ ಕಟ್ಟಿಗೆಯ ಸಿಪ್ಪೆ ಹಾಕುತ್ತಿದ್ದಳು. ಮಲ್ಲಪ್ಪ ಅವಳ ಬುಟ್ಟಿಯಿಂದ ಎರಡು ಹಿಡಿ ತೆಗೆದುಕೊಂಡ. ಒಂದು ಸಣ್ಣ ಡಬ್ಬಿಗೆ ತುಂಬಿ, ನಡುವೆ ಒಂದು ಮರದ ಪೇರಲ ಇಟ್ಟ. ಮುಚ್ಚಿ ಕಿವಿಯ ಹತ್ತಿರ ಅಲ್ಲಾಡಿಸಿದ. ಸದ್ದಿಲ್ಲ. ಇನ್ನೊಮ್ಮೆ ಅಲ್ಲಾಡಿಸಿದ.

"ಇಷ್ಟ ಸಾಕಾಗಿತ್ತಲ್ರಿ" ಎಂದ.

"ನಾ ಅಂದಿದ್ದೆ" ಎಂದಳು ಗಂಗವ್ವ, ಒಲೆಯಿಂದ ಮುಖ ತಿರುಗಿಸದೆ.

ದೀಪಾವಳಿಯ ಹೊತ್ತಿಗೆ ಮಲ್ಲಪ್ಪ ಗಿರಣಿ ಸೇರಿದ. ಮೊದಲು ಹೋದವನು ಅವನೇ. ಮಾತು ಕೊಟ್ಟವನೇ ಹೋದ ಮೇಲೆ ಉಳಿದವರಿಗೇನು ತಡೆ? ಇವತ್ತು ಆ ಓಣಿಯಲ್ಲಿ ಬಣ್ಣದ ವಾಸನೆ ಇಲ್ಲ. ಮಶೀನು ಶೆಡ್ಡಿನಲ್ಲಿದೆ, ಮೇಲೆ ಗೋಣಿತಟ್ಟು ಹೊದಿಸಿದೆ.

ನೆರವು ಬೇಡವಾಗಿತ್ತು ಎನ್ನುತ್ತಿಲ್ಲ. ಮಶೀನು ಚೆನ್ನಾಗಿತ್ತು. ಆದರೆ ಸರಕಿಗೂ ಪರದೇಶದ ಅಂಗಡಿಗೂ ನಡುವೆ ಇರುವುದು ಬರೀ ಸಮುದ್ರವೇ? ಅಲ್ಲೊಂದು ಬಂದರಿದೆ, ಬಂದರಿಗೊಂದು ನಿಯಮವಿದೆ. ಅಷ್ಟು ದೂರದಿಂದ ಮಶೀನು ಕಳಿಸಿದವರು, ಆ ನಿಯಮ ಬರೆದ ಒಂದು ಹಾಳೆಯನ್ನು ಅದರ ಜೊತೆ ಇಟ್ಟಿದ್ದರೆ? ಇಂಗ್ಲಿಷ್ ಬಲ್ಲ ನಾನು ಒಂದು ಪ್ರಶ್ನೆ ಕೇಳಿದ್ದರೆ?

ಹೋದ ವಾರ ಕೇಳಿದೆ. ಹುಕ್ಕೇರಿಯ ಸಭೆಯಲ್ಲಿ ಹೊಸ ನೆರವಿನ ಮಾತು ನಡೆದಿತ್ತು. ಸಂಕೇಶ್ವರದ ಕಡೆಯ ಮೆಣಸಿನಕಾಯಿ ಪುಡಿ ಮಾಡಿ ಪರದೇಶಕ್ಕೆ ಕಳಿಸುತ್ತಾರಂತೆ. ದೊಡ್ಡ ಮಶೀನು ಬರುತ್ತದಂತೆ. ನಾನು ಎದ್ದು, "ಯಾವುದರಲ್ಲಿ ತುಂಬಿ ಕಳಿಸಬೇಕು?" ಎಂದೆ.

"ಅದೆಲ್ಲ ಆಮ್ಯಾಲಿನ ಮಾತ್ರಿ ಮಾಸ್ತರ. ಮೊದಲ ಮಶೀನ ಬರಲಿ" ಎಂದರು ಅಧಿಕಾರಿ. ಜನ ಚಪ್ಪಾಳೆ ತಟ್ಟಿದರು. ಗೋಕಾಕದ ಪೆಟ್ಟಿಗೆಗಳ ಕತೆ ಹೇಳಿದಾಗಲೇ ಅವರು ದಾಖಲೆ ಇಲ್ಲ ಎಂದದ್ದು.

ಮಲ್ಲಪ್ಪ ತೀರಿಹೋಗಿ ಎರಡು ವರ್ಷವಾಯಿತು. ಮುಚ್ಚಳ ಎತ್ತಿದ ದಸ್ತಗೀರ ಅದೇ ಗೋದಾಮಿನಲ್ಲಿ ಇನ್ನೂ ಹೊರೆ ಹೊರುತ್ತಾನೆ. ಸಿಪ್ಪೆ ತುಂಬಬಾರದೇ ಎಂದು ಕೇಳಿದ್ದ ಗಂಗವ್ವ ಅದೇ ಓಣಿಯ ಕೊನೆಯ ಮನೆಯಲ್ಲಿದ್ದಾಳೆ.

ಹುಕ್ಕೇರಿಯ ಸಭೆಗೆ ಇಬ್ಬರನ್ನೂ ಕರೆದಿರಲಿಲ್ಲ.