ಬಿಚ್ಚಿದ ಕೋಟು

ಶಾಂತಕ್ಕ, ನಿಮ್ಮ ಯಜಮಾನರ ಮದುವೆಯ ಕೋಟನ್ನು ಹುಳ ತಿಂದಿರಲಿಲ್ಲ. ಅದನ್ನು ನಾನೇ ಬಿಚ್ಚಿ ಹಾಳು ಮಾಡಿದೆ — ಪೂರ್ತಿ ಗೊತ್ತಿದ್ದೇ. ಹನ್ನೊಂದು ವರ್ಷ ನಿಮ್ಮೆದುರು ಕೂತು ಚಹಾ ಕುಡಿದರೂ ಈ ಮಾತು ಬಾಯಿಗೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆಗ ನಾವಿಬ್ಬರೂ ಮುಂಬಯಿಯ ಭಾಂಡುಪಿನ ಒಂದೇ ಚಾಳಿನವರು. ಬಾಗಿಲ ಬಳಿ ಮಶಿನ್ ಇಟ್ಟುಕೊಂಡು ಸೀರೆಗೆ ಫಾಲ್ ಹಚ್ಚುವುದು, ಪ್ಯಾಂಟಿನ ಕಾಲು ಗಿಡ್ಡ ಮಾಡುವುದು — ಇಷ್ಟೇ ನನ್ನ ಕೆಲಸ. ಮುಚ್ಚಿದ ಕಾರ್ಖಾನೆಗಳ ಜಾಗದಲ್ಲಿ ಟವರುಗಳು ಏಳುತ್ತಿದ್ದವು. ಪಾಳುಬಿದ್ದ ಮಳಿಗೆಗಳಿಗೆ ಹೊಸ ಶಟರ್ ಬರುತ್ತಿತ್ತು. ಗಂಡಸರ ಕೋಟು-ಪ್ಯಾಂಟನ್ನು ಹಳೆಯ ಕಾಲದ ಅಚ್ಚುಕಟ್ಟಿನಲ್ಲಿ ಹೊಲಿದು ಕೊಡುವ ಅಂಗಡಿ ಇಡಬೇಕೆಂದು ನಾನೂ ನಮ್ಮವರೂ ಅಲ್ಲೊಂದು ಮಳಿಗೆ ಹಿಡಿದೆವು. ಬೋರ್ಡೂ ಬರೆಸಿದ್ದಾಗಿತ್ತು. ಆದರೆ ನಾನು ಹೊಲಿದು ನೋಡಿದ ಮೂರು ಕೋಟೂ ಭುಜದಲ್ಲಿ ಚೀಲದ ಹಾಗೆ ಜೋತುಬಿದ್ದವು.

ಅದೇ ವಾರ ನೀವು ಬಂದಿರಿ, ತೀರಿಹೋದ ಯಜಮಾನರ ಆ ಬೂದುಬಣ್ಣದ ಕೋಟು ಹಿಡಿದು. ಫೋರ್ಟ್ ಪೇಟೆಯ ಯಾರೋ ಹಳೇ ಟೇಲರ್ ಮಾಸ್ತರರು ಹೊಲಿದದ್ದು. ಮಗ ಮಹೇಶ ತನ್ನ ರಿಸೆಪ್ಷನ್ನಿಗೆ ಅಪ್ಪನ ಕೋಟೇ ಬೇಕೆಂದು ಹಟ ಹಿಡಿದಿದ್ದ.

"ಸ್ವಲ್ಪ ಸೊಂಟದಾಗ ಬಿಡಿಸಿ ಕೊಡವಾ ಮಂಗಲಾ. ಅವರಪ್ಪ ಕಡ್ಡಿ ಇದ್ರು, ಇಂವಾ ಗಣಪತಿ ಆಗ್ಯಾನ," ಎಂದು ನಕ್ಕಿರಿ.

ಸೊಂಟದ ಹೊಲಿಗೆ ಬಿಚ್ಚಿದೆ. ಅಲ್ಲಿಗೇ ನಿಲ್ಲಬೇಕಿತ್ತು. ಅಸ್ತರಿನ ಒಳಗೆ ಇಣುಕಿದರೆ — ಎದೆ ನೆಟ್ಟಗೆ ನಿಲ್ಲಲೆಂದು ಒಳಗಿಟ್ಟ ಕ್ಯಾನ್ವಾಸನ್ನು ಹಿಡಿದಿದ್ದ ಸಣ್ಣ ಸಣ್ಣ ಓರೆ ಹೊಲಿಗೆಗಳು, ಎಲ್ಲವೂ ಕೈಹೊಲಿಗೆ. ಭುಜ ಹೇಗೆ ಕೂತಿದೆ ನೋಡೋಣವೆಂದು ತೋಳು ಬಿಚ್ಚಿದೆ. ಆಮೇಲೆ ಕಾಲರು. ಒಲೆಯ ಮೇಲಿನ ಬೇಳೆ ತಳ ಹಿಡಿದದ್ದೂ ತಿಳಿಯಲಿಲ್ಲ. ಸಂಜೆಯ ಹೊತ್ತಿಗೆ ಕೋಟೇ ಇರಲಿಲ್ಲ. ಖಾಕಿ ಕಾಗದದ ಮೇಲೆ ಹರವಿದ ತುಂಡುಗಳು, ಅವುಗಳ ಸುತ್ತ ನನ್ನ ಪೆನ್ಸಿಲಿನ ಗೆರೆ. ಮತ್ತೆ ಜೋಡಿಸಬಲ್ಲೆ ಅಂದುಕೊಂಡಿದ್ದೆ — ಇಲ್ಲ, ಅದೂ ಸುಳ್ಳು. ಆಗದೆಂದು ತೋಳು ಬಿಚ್ಚುವಾಗಲೇ ಗೊತ್ತಿತ್ತು. ಎರಡು ದಿನ ಒದ್ದಾಡಿದೆ. ಹಳೆಯ ಬಟ್ಟೆ ಅಂಚಿನಲ್ಲಿ ಎಳೆ ಬಿಡುತ್ತಲೇ ಹೋಯಿತು.

"ಅಕ್ಕಾ, ಒಳಗ ಹುಳಾ ಹೊಡದಿತ್ತರಿ. ಕೈ ಹಚ್ಚೂದರಾಗ ಹರೀತು," ಎಂದು ನಿಮ್ಮ ಮನೆಗೆ ಬಂದು ಕಣ್ಣೀರು ಹಾಕಿದೆ.

ನೀವು ಬೈಯಲಿಲ್ಲ. ನನ್ನ ಕೈ ಹಿಡಿದು, "ನಂದ ತಪ್ಪವಾ. ಟ್ರಂಕಿನಾಗ ಡಾಂಬರ ಗುಳಗಿ ಹಾಕೂದು ಮರತೆ. ನೀ ಯಾಕ ಅಳ್ತಿ?" ಅಂದಿರಿ. ಬಾಗಿಲಲ್ಲಿ ನಿಂತಿದ್ದ ಮಹೇಶ, "ಪಪ್ಪಾಂದು ಅದೊಂದ ಚೀಜ್ ಇತ್ತು ಮಮ್ಮಿ. ಅದನ್ನೂ ಸಂಭಾಳಸಾಕ ಆಗಲಿಲ್ಲ ನಿನಗ?" ಅಂದ. ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡೆ.

ಆ ಪೆನ್ಸಿಲ್ ಗೆರೆಗಳಿಂದಲೇ ನನ್ನ ಅಂಗಡಿ ಕುದುರಿತು. ಟವರಿನ ಹುಡುಗರು ಕನ್ನಡಿಯೆದುರು ಭುಜ ತಿರುವಿ, "ಆಂಟಿ, ಕ್ಯಾ ಫಿಟಿಂಗ್ ಹೈ!" ಎನ್ನುವಾಗ ನಾನು ಟೇಪು ಸುತ್ತುತ್ತ ತಲೆ ತಗ್ಗಿಸುತ್ತೇನೆ. ಹೊಗಳಿದ್ದಕ್ಕೆ ಸಂಕೋಚವೆಂದುಕೊಳ್ಳುತ್ತಾರೆ.

ಮೊನ್ನೆ ನಿಮ್ಮ ಮೊಮ್ಮಗಳ ಹುಟ್ಟುಹಬ್ಬದ ದಿನ, ಯಾರೋ ಕೊಟ್ಟ ಬೆಳ್ಳಿ ಗೆಜ್ಜೆ ಎತ್ತಿಡಲು ನೀವು ಕೈ ಚಾಚಿದಿರಿ. "ಮಮ್ಮಿ ಕಡೆ ಬ್ಯಾಡ. ಆಕಿ ಇಟ್ಟಿದ್ದು ಬೆಳ್ಳಿ ಆದ್ರೂ ಹುಳಾ ತಿಂತಾವ," ಅಂದ ಮಹೇಶ. ಎಲ್ಲರೂ ನಕ್ಕರು. ನೀವೂ ನಕ್ಕು ಕೈ ಹಿಂದಕ್ಕೆ ತೆಗೆದುಕೊಂಡಿರಿ. ನಾನೂ ನಕ್ಕೆ ಶಾಂತಕ್ಕ — ಹೌದು, ನಾನೂ...

ಇದನ್ನು ಓದಿ ನನ್ನನ್ನು ಸಮಾಧಾನ ಮಾಡಲು ಬರಬೇಡಿ. ಭಾನುವಾರ ನಾನೇ ಬರುತ್ತೇನೆ. ಮಹೇಶನನ್ನೂ ಸೊಸೆಯನ್ನೂ ಕೂರಿಸಿಕೊಂಡಿರಿ. ನೀವು ಏನನ್ನೂ ಹಾಳು ಮಾಡಿರಲಿಲ್ಲವೆಂದು ಅವನ ಮುಖ ನೋಡಿ ಹೇಳುತ್ತೇನೆ. ನಡುವೆ ನೀವು "ಇರಲಿ ಬಿಡವಾ" ಅನ್ನುತ್ತೀರಿ, ನನಗೆ ಗೊತ್ತು. ಅಂದರೂ ನಿಲ್ಲಿಸುವುದಿಲ್ಲ.