ದನಿಗೆ ಬಿದ್ದ ಅಂಕಗಳು

ಮಾತು ಚೆನ್ನಾಗಿದ್ದರೆ ಮಾಲು ಅರ್ಧ ಮಾರಿದ ಹಾಗೆ. ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಈ ಗುಟ್ಟು ಆ ಶಾಲೆಯಲ್ಲಿ ಗೊತ್ತಿದ್ದದ್ದು ಗಣಿತದ ಟೀಚರಿಗೆ ಒಬ್ಬರಿಗೇ. ಪರದೆಯ ಮೇಲೆ ಪಾಠ ತೋರಿಸುವ ಕಂಪನಿಯವರು ಬಂದರೆ ಅವರು ಮೊದಲು ಮಾಡುತ್ತಿದ್ದ ಕೆಲಸ ಸದ್ದು ಆರಿಸುವುದು. "ಸದ್ದು ಮಾರೋನದು, ಚಿತ್ರ ಮಕ್ಕಳದು" ಎನ್ನುತ್ತಿದ್ದರು. ಒಮ್ಮೆ ಮೂಕವಾಗಿ ನೋಡಿ, ಆಮೇಲೆ ಸದ್ದಿಟ್ಟು ನೋಡಿ, ಮೂರನೆಯ ಸಲ ಕೊನೆಯ ಬೆಂಚಿನ ಮಗುವಿನಂತೆ ಬೇಕೆಂದೇ ತಪ್ಪು ಉತ್ತರ ಒತ್ತುತ್ತ ಕೂರುತ್ತಿದ್ದರು. ತಪ್ಪಿದ ಮಗುವಿಗೆ ಪಾಠ ಏನು ಹೇಳುತ್ತದೋ ಅದರಲ್ಲೇ ಅದರ ಯೋಗ್ಯತೆ ಎಂಬುದು ಅವರ ಲೆಕ್ಕ. ಹೀಗೆ ಹನ್ನೊಂದು ಕಂಪನಿಗಳನ್ನು ಗೇಟಿನಾಚೆ ಕಳಿಸಿದ್ದರಿಂದ ಸಿಬ್ಬಂದಿ ಕೋಣೆಯಲ್ಲಿ ಅವರಿಗೆ 'ಜರಡಿ' ಎಂದು ಹೆಸರು ಬಿದ್ದಿತ್ತು.

ವಯಸ್ಸು ಐವತ್ಮೂರು. ಎರಡನೇ ಮಹಡಿಯಲ್ಲಿ ಒಂದೂವರೆ ಕೋಣೆ. ಎರಡು ಕುರ್ಚಿ; ಒಂದರ ಮೇಲೆ ಅವರು, ಇನ್ನೊಂದರ ಮೇಲೆ ಇಸ್ತ್ರಿಗೆ ಕಾದ ಬಟ್ಟೆ. ಭಾನುವಾರ ತಂಗಿಯ ಫೋನು ಬರುತ್ತಿತ್ತು. "ಅಕ್ಕಾ, ಆರಾಮಾಗಿದೀಯಾ? ಸರಿ, ಇಡ್ತೀನಿ, ಒಲೆ ಮೇಲೆ ಹಾಲಿದೆ." ಆ ಹಾಲು ನಾಲ್ಕು ವರ್ಷದಿಂದ ಇನ್ನೇನು ಉಕ್ಕುವುದರಲ್ಲೇ ಇತ್ತು.

ಈ ವರ್ಷ ಭಿನ್ನರಾಶಿ ಕಲಿಸಲು ಎರಡು ಕಂಪನಿಯ ಪಾಠಗಳು ಉಳಿದಿದ್ದವು. ಒಂದನ್ನು ಆರಿಸಿದರೆ ಮೂರು ವರ್ಷ ಅದೇ ಗತಿ. ಆಯ್ಕೆ ಸಮಿತಿಯಲ್ಲಿ ಹೆಡ್‌ಮಿಸ್ಸು, ಕಂಪ್ಯೂಟರ್ ಮೇಷ್ಟ್ರು, ಟೀಚರು ಮೂವರಿದ್ದರೂ, ಜರಡಿಯ ಅಂಕ ನೋಡಿ ಉಳಿದಿಬ್ಬರು ಸಹಿ ಹಾಕುವುದು ರೂಢಿ. ನೋಡುವುದಕ್ಕೆಂದು ಎರಡೂ ಕಂಪನಿಯ ಟ್ಯಾಬ್ಲೆಟ್ಟುಗಳು ಒಂದು ತಿಂಗಳ ಮಟ್ಟಿಗೆ ಟೀಚರ ಮನೆಗೆ ಬಂದವು.

ಮೊದಲನೆಯ ಪಾಠದಲ್ಲಿ ಗಂಡಸಿನ ಗೊಗ್ಗರು ದನಿ. ತಪ್ಪಿದರೆ "ತಪ್ಪು. ಮತ್ತೆ ಮಾಡಿ" ಎಂದು ಸುಮ್ಮನಾಗುತ್ತಿತ್ತು. ಅದನ್ನು ಟೀಚರು ಪದ್ಧತಿಯಂತೆ ಮೂರು ಸಲ ಜಾಲಿಸಿದರು. ಎರಡನೆಯದನ್ನು ತೆರೆದ ಸಂಜೆ ಸದ್ದು ಆರಿಸುವ ಮೊದಲೇ ಒಂದು ಹೆಣ್ಣು ದನಿ, "ಬಂದ್ಯಾ ಪುಟ್ಟಿ? ಬಾ, ಕೂತ್ಕೋ. ದಣಿದಿದ್ದೀಯ ಅನ್ಸತ್ತೆ" ಎಂದುಬಿಟ್ಟಿತು. ಬೆರಳು ಗುಂಡಿಯ ಮೇಲೆಯೇ ನಿಂತಿತು. ಆರಿಸಲಿಲ್ಲ.

ತಪ್ಪು ಉತ್ತರ ಒತ್ತಿದರು. "ಪರವಾಗಿಲ್ಲ ಪುಟ್ಟಿ, ಅವಸರ ಏನಿದೆ? ನಾನಿಲ್ಲೇ ಇದ್ದೀನಲ್ಲ."

ಮರುದಿನವೂ ತಪ್ಪು ಒತ್ತಿದರು. ಅದರ ಮರುದಿನವೂ. ಪರೀಕ್ಷೆ ಗಟ್ಟಿಯಾಗಿರಲಿ ಎಂದೇ ಇಷ್ಟು ಸಲ ನೋಡುತ್ತಿರುವುದು ಎಂದು ತಮಗೆ ತಾವೇ ಹೇಳಿಕೊಂಡರು. ಹೇಳಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅನ್ನಕ್ಕಿಟ್ಟು ಬಂದು ಕೂತರೆ ಅದು ಸೀಯುವವರೆಗೂ ಏಳುತ್ತಿರಲಿಲ್ಲ. ತಿಂಗಳ ಕೊನೆಗೆ ಐವತ್ತಕ್ಕೆ ನಲವತ್ತೆಂಟು ಕೊಟ್ಟರು. ಗೊಗ್ಗರು ದನಿಗೆ ಮೂವತ್ತಾರು.

"ಜರಡಿಗೆ ತೂತು ದೊಡ್ಡದಾಯ್ತೇನ್ರೀ?" ಎಂದರು ಕಂಪ್ಯೂಟರ್ ಮೇಷ್ಟ್ರು.

"ಮಾಲು ಚೆನ್ನಾಗಿದೆ ಸಾರ್. ಅದಕ್ಕೂ ನಿಮ್ಮ ಅಪ್ಪಣೆ ಬೇಕಾ?"

ಸಹಿಯ ಹಿಂದಿನ ದಿನ ಆ ಎರಡನೇ ಪಾಠವನ್ನು ಐದನೇ ತರಗತಿಯ ಗೋಡೆಯ ಮೇಲೆ ಹಾಕಿದರು. ಸ್ಪೀಕರು ಕೈಕೊಟ್ಟಿತು. ಪಾಠ ಮೂಕವಾಗಿಯೇ ಓಡಿತು. ದುಂಡನೆಯ ಕೇಕು ಬಂತು. ಚಾಕು ಅದರ ಮೇಲೆ ಎರಡು ನೇರ ಗೆರೆ ಎಳೆಯಿತು, ಬ್ರೆಡ್ಡು ಕೊಯ್ದ ಹಾಗೆ. ಮೂರು ತುಂಡು. ಒಂದೊಂದರ ಮೇಲೂ 'ಮೂರನೇ ಒಂದು' ಎಂದು ಬರೆಯಿತು.

"ಟೀಚರ್," ಕಿಟಕಿ ಪಕ್ಕದ ಹುಡುಗಿ ಕೈ ಎತ್ತಿದಳು, "ನಡುವಿಂದು ದೊಡ್ಡದಿದೆ. ಅದು ಯಾರಿಗೆ?"

"ಅತ್ತವರಿಗೆ" ಎಂದು ಇನ್ಯಾರೋ ಹೇಳಿ ತರಗತಿ ನಕ್ಕಿತು.

ಟೀಚರು ನಗಲಿಲ್ಲ. ಪಾಲು ಸಮ ಇಲ್ಲದಿದ್ದರೆ ಅದು ಮೂರನೇ ಒಂದಲ್ಲ. ಭಿನ್ನರಾಶಿಯ ಮೊದಲ ಮಾತೇ ಅದು. ತಿಂಗಳೆಲ್ಲ ಆ ಕೇಕು ಕಣ್ಣೆದುರೇ ಇತ್ತು, ಕಂಡಿರಲಿಲ್ಲ. ಮುಚ್ಚಿಟ್ಟರೆ ಮೂರು ವರ್ಷ ಮಕ್ಕಳು ಅಡ್ಡಾದಿಡ್ಡಿ ಕೊಯ್ದು ಸಮಪಾಲು ಎನ್ನುತ್ತಾರೆ. ಹೇಳಿದರೆ ಆ ದನಿಯ ಟ್ಯಾಬ್ಲೆಟ್ಟು ನಾಳೆಯೇ ಕಂಪನಿಗೆ ವಾಪಸ್ಸು ಹೋಗುತ್ತದೆ.

ಮರುದಿನ ಹೆಡ್‌ಮಿಸ್ಸಿನ ಮೇಜಿನ ಮೇಲೆ ನಲವತ್ತೆಂಟನ್ನು ಹೊಡೆದು ಹದಿನೆಂಟು ಬರೆದರು.

"ಏನ್ರೀ ಇದು? ನೀವೇ ಅಲ್ವಾ ಕೊಟ್ಟಿದ್ದು?"

"ಹೌದು ಮೇಡಂ. ಪಾಠಕ್ಕಲ್ಲ, ದನಿಗೆ ಕೊಟ್ಟಿದ್ದೆ. ಮೂಕವಾಗಿ ನೋಡೇ ಇರಲಿಲ್ಲ. ಕೇಕಿನ ಪಾಲೇ ಸಮ ಇಲ್ಲ."

ಕಂಪ್ಯೂಟರ್ ಮೇಷ್ಟ್ರು ಟೀಚರ ಮುಖ ನೋಡಿ ಪೆನ್ನಿನ ಮುಚ್ಚಳ ತೆಗೆದರು. ಗೊಗ್ಗರು ದನಿಗೆ ಮೂರೂ ಸಹಿ ಬಿದ್ದವು.

ಮಧ್ಯಾಹ್ನ ಎರಡನೇ ಕಂಪನಿಯ ಮಾರಾಟದವಳು ಹೆಡ್‌ಮಿಸ್ಸಿನಿಂದ ಕಾರಣ ಕೇಳಿಕೊಂಡು ಟ್ಯಾಬ್ಲೆಟ್ಟು ಒಯ್ಯಲು ಬಂದಳು. ವರಾಂಡದಲ್ಲೇ ತೆರೆದು ದಾಖಲೆ ನೋಡಿದಳು.

"ಯಾವ ಮಗು ಮೇಡಂ ಇದು? ಇಪ್ಪತ್ತೊಂಬತ್ತು ಸಂಜೆ ಕೂತಿದೆ, ಒಂದೂ ಸರಿ ಮಾಡಿಲ್ಲ."

"ನಾನೇ."

ಅವಳು ನಗಬೇಕೋ ಬೇಡವೋ ತಿಳಿಯದೆ ಪರದೆ ಆರಿಸಿದಳು. ವ್ಯಾಪಾರದವಳು; ಬಾಗಿಲು ಪೂರ್ತಿ ಮುಚ್ಚುವ ಮುಂಚೆ ಕಾಲಿಡುವುದು ಗೊತ್ತಿತ್ತು. "ಆ ಕೇಕು ತಿದ್ದಿಸ್ತೀವಿ ಮೇಡಂ. ಇನ್ನೊಂದು ತಿಂಗಳು ನಿಮ್ಮ ಹತ್ರಾನೇ ಇರಲಿ, ಆರಾಮಾಗಿ ನೋಡಿ."

ಅಂಗಳದಲ್ಲಿ ಯಾವುದೋ ತರಗತಿ ಸಾಲಾಗಿ ನೀರು ಕುಡಿಯಲು ಹೋಗುತ್ತಿತ್ತು.

"ಬೇಡಮ್ಮ" ಎಂದರು ಟೀಚರು. "ತಿದ್ದಿದ ಮೇಲೆ ಬೇರೆಯವರಿಗೆ ತೋರಿಸು. ನನ್ನ ಹತ್ರ ಇದ್ರೆ ಮತ್ತೆ ನಲವತ್ತೆಂಟೇ ಕೊಡ್ತೀನಿ."

ಚಾರ್ಜರು ತಮ್ಮ ಚೀಲದಲ್ಲೇ ಉಳಿದಿತ್ತು. ಅದನ್ನೂ ತೆಗೆದು ಕೊಟ್ಟರು.